ಸಾಹುಕಾರನ ಲೆಕ್ಕದ ಪುಸ್ತಕ ಈಗ ಕಂಪ್ಯೂಟರಿನಲ್ಲಿದೆ. ತೆಗೆಸಿ ಓದಿ



ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಕೊನೇವರೆಗೂ ಓದಿ. ಕೊನೇಲಿ ಎಲ್ಲರೂ ಮಾಡಬೇಕಾದ ಕೆಲಸ ಇದೆ.

"ನಿಮ್ಮ ಸಿಬಿಲ್ ಸರಿ ಇಲ್ಲ, ಆಗಲ್ಲ ಹೋಗಿ."

ನಮ್ಮ ಕೇರಿಗಳಲ್ಲಿ ಈ ಮಾತು ಕೇಳಿಸಿಕೊಳ್ಳದ ಮನೆ ಈಗ ಕಡಿಮೆ. ಹಿಂದೆ ಬ್ಯಾಂಕಿನವರಿಗೆ ಸಾಲ ಕೊಡೋಕೆ ಇಷ್ಟ ಇಲ್ಲ ಅಂದ್ರೆ "ಜಾಮೀನು ತನ್ನಿ", "ಸಾಹೇಬ್ರು ರಜಾ", "ಟಾರ್ಗೆಟ್ ಮುಗೀತು" ಅಂತ ಏನಾದ್ರೂ ಒಂದು ನೆಪ ಹುಡುಕಬೇಕಿತ್ತು. ಈಗ ಆ ಕಷ್ಟವೂ ಇಲ್ಲ. ಸಿಬಿಲ್ ಅನ್ನೋ ಒಂದು ಪದ ಸಾಕು. ಅದನ್ನ ಕೇಳಿದ ಕೂಡಲೇ ನಮ್ಮವರು ತಲೆ ತಗ್ಗಿಸಿ ಎದ್ದು ಬರ್ತಾರೆ. ಏನಿದೆ ಅದ್ರಲ್ಲಿ, ತೋರಿಸಿ ಅಂತ ಯಾರೂ ಕೇಳಲ್ಲ. ತಪ್ಪು ನಮ್ಮದೇ ಇರಬೇಕು ಅಂದ್ಕೊಂಡು ಬರ್ತಾರೆ.

ನನ್ನ ಅಕ್ಕನೂ ಹಾಗೇ ಎದ್ದು ಬಂದಳು.

2024ರ ಜೂನ್ ತಿಂಗಳು. ನಿಗಮದ ಸ್ವಯಂ ಉದ್ಯೋಗ ಯೋಜನೆಯಲ್ಲಿ ಎರಡು ಹಸು ತಗೊಳ್ಳೋಕೆ ಅಕ್ಕನ ಹೆಸರು ಆಯ್ಕೆ ಆಗಿತ್ತು. ಸಬ್ಸಿಡಿ ನಿಗಮದ್ದು, ಉಳಿದದ್ದು ಬ್ಯಾಂಕ್ ಸಾಲ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ದಿನ ಕೊಟ್ಟಿಗೆಗೆ ಕಲ್ಲು ಹೊಂದಿಸಿದ್ದಳು. ಬ್ಯಾಂಕಿಗೆ ಹೋದ್ರೆ ಮ್ಯಾನೇಜರು ಕಂಪ್ಯೂಟರ್ ನೋಡಿ, ಅವಳ ಮುಖ ನೋಡದೆ, ಮೇಲಿನ ಮಾತು ಹೇಳಿ ಫೈಲು ವಾಪಸ್ ತಳ್ಳಿದರು. ಬರವಣಿಗೆಯಲ್ಲಿ ಏನೂ ಕೊಡಲಿಲ್ಲ.

ಮನೆಗೆ ಬಂದು ಅವಳು ಕೇಳಿದ್ದು ಒಂದೇ ಪ್ರಶ್ನೆ: "ನಾನು ಯಾರ ದುಡ್ಡು ತಿಂದಿದೀನಿ, ಹೇಳು?"

ಈ ಪೋಸ್ಟ್ ಬರೀತಿರೋದು ಆ ಪ್ರಶ್ನೆಗಾಗಿ.

ಮೊದಲು ವಿಷಯ ತಿಳ್ಕೊಳ್ಳಿ. "ಸಿಬಿಲ್" ಅನ್ನೋದು ಸರ್ಕಾರದ ಇಲಾಖೆ ಅಲ್ಲ, ಪೊಲೀಸ್ ರೆಕಾರ್ಡೂ ಅಲ್ಲ. ಅದು ಒಂದು ಖಾಸಗಿ ಕಂಪನಿಯ ಹೆಸರು. ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಇಂಥ ಕಂಪನಿಗಳು ನಮ್ಮ ದೇಶದಲ್ಲಿ ನಾಲ್ಕು ಇವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಬ್ಯಾಂಕು, ಫೈನಾನ್ಸು, ಮೈಕ್ರೋಫೈನಾನ್ಸು ಎಲ್ಲರೂ ನೀವು ತಗೊಂಡ ಸಾಲ, ಕಟ್ಟಿದ ಕಂತು, ತಪ್ಪಿದ ಕಂತು ಎಲ್ಲವನ್ನೂ ಇವರಿಗೆ ಕಳಿಸ್ತಾರೆ. ಇವರು ಅದನ್ನ ಒಟ್ಟುಮಾಡಿ ವರದಿ ಮಾಡಿ, 300ರಿಂದ 900ರೊಳಗೆ ಒಂದು ಅಂಕ ಕೊಡ್ತಾರೆ. ಅಂದ್ರೆ ಇವರು ಬರೀತಿರೋದು ಬೇರೆಯವರು ಹೇಳಿದ್ದನ್ನ. ಹೇಳಿದವರು ತಪ್ಪು ಹೇಳಿದ್ರೆ ವರದಿಯಲ್ಲೂ ತಪ್ಪೇ ಬರುತ್ತೆ.

ಹೇಳಿದವರು ತಪ್ಪು ಹೇಳಬಹುದು ಅಂತ ಕಾನೂನಿಗೇ ಗೊತ್ತು. ಅದಕ್ಕೇ 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯಲ್ಲೇ ನಿಮ್ಮ ವರದಿ ನೋಡೋ ಹಕ್ಕು, ತಿದ್ದಿಸೋ ಹಕ್ಕು ನಿಮಗೆ ಕೊಟ್ಟಿದ್ದಾರೆ. 2017ರಿಂದ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಸಲ ಪೂರ್ತಿ ವರದಿಯನ್ನ ಅಂಕದ ಸಮೇತ ಪುಕ್ಕಟೆ ಕೊಡಬೇಕು. ನಾಲ್ಕು ಕಂಪನಿ, ನಾಲ್ಕು ವರದಿ, ಒಂದು ರೂಪಾಯಿ ಖರ್ಚಿಲ್ಲ. ಇದನ್ನ ನಿಮಗೆ ಯಾವ ಬ್ಯಾಂಕ್ ಮ್ಯಾನೇಜರು ಹೇಳಿದ್ದಾರೆ? ನನ್ನ ಅಕ್ಕನಿಗೆ ಹೇಳಿದ್ದು "ನೀವೇ ನೋಡ್ಕೊಳ್ಳಿ" ಅಂತ. ಎಲ್ಲಿ, ಹೇಗೆ ಅಂತ ಹೇಳಲಿಲ್ಲ.

ನಾವು ನೋಡ್ಕೊಂಡ್ವಿ. 14 ಪುಟ, ಎಲ್ಲಾ ಇಂಗ್ಲಿಷು. ಏಳನೇ ಕ್ಲಾಸು ಓದಿರೋ ಅಕ್ಕ ಪಕ್ಕದಲ್ಲಿ ಕೂತಿದ್ದಳು, ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳ್ತಾ ಹೋದೆ. ಮೂರು ತಪ್ಪು ಸಿಕ್ಕವು.

ಒಂದು: ಸಂಘದಲ್ಲಿ ತಗೊಂಡಿದ್ದ ಮೈಕ್ರೋಫೈನಾನ್ಸ್ ಸಾಲ. ವಾರ ವಾರ ಕಟ್ಟಿ 2021ರಲ್ಲೇ ತೀರಿಸಿದ್ದಳು. ವರದಿಯಲ್ಲಿ 11,340 ರೂಪಾಯಿ ಬಾಕಿ, "ರಿಟನ್ ಆಫ್" ಅಂತ ಬರೆದಿತ್ತು. ಅಂದ್ರೆ ವಸೂಲಿ ಆಗಲ್ಲ ಅಂತ ಕೈಬಿಟ್ಟ ಸಾಲ.

ಎರಡು: ಒಂದು ದ್ವಿಚಕ್ರ ವಾಹನ ಸಾಲ. ನನ್ನ ಅಕ್ಕನಿಗೆ ಸೈಕಲ್ ಹೊಡಿಯೋಕೂ ಬರಲ್ಲ.

ಮೂರು: ನಾವು ಯಾವತ್ತೂ ಇರದ ಊರಿನ ಒಂದು ವಿಳಾಸ.

ಎರಡನೇದು, ಮೂರನೇದು ಹೇಗೆ ಬಂತು ಅಂತ ಯೋಚನೆ ಮಾಡಿ. ಅಕ್ಕನ ಹೆಸರು ನಮ್ಮ ಸೀಮೆಯಲ್ಲಿ ಊರಿಗೆ ಹತ್ತು ಜನಕ್ಕೆ ಇರೋ ಹೆಸರು. ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗು, ವೋಟರ್ ಕಾರ್ಡಿನಲ್ಲಿ ಇನ್ನೊಂದು. ಒಂದು ಕಡೆ ಗಂಡನ ಹೆಸರು, ಒಂದು ಕಡೆ ಅಪ್ಪನ ಹೆಸರು, ಒಂದು ಕಡೆ ಬರೀ ಇನಿಷಿಯಲ್. ಹುಟ್ಟಿದ ದಿನ? ಜೂನ್ 1. ನಮ್ಮ ಮನೇಲಿ ನಾಲ್ಕು ಜನ ಜೂನ್ 1ಕ್ಕೇ ಹುಟ್ಟಿದ್ದೀವಿ! ಮೇಷ್ಟ್ರು ಶಾಲೆಗೆ ಸೇರಿಸ್ಕೊಳ್ಳೋವಾಗ ಬರೆದ ದಿನಾಂಕ ಅದು. ಅಮ್ಮ ಹೆತ್ತದ್ದು ರಾಗಿ ಕುಯ್ಲಿನಲ್ಲೋ ಮಳೆಗಾಲದಲ್ಲೋ, ಯಾರು ಬರೆದಿಟ್ಟಿದ್ರು?

ಹೆಸರು, ಹುಟ್ಟಿದ ದಿನ, ವಿಳಾಸ, ಗುರುತಿನ ಚೀಟಿ ನಂಬರು ಇವನ್ನ ಹೊಂದಿಸಿ ಯಾರ ಸಾಲ ಯಾರದ್ದು ಅಂತ ಕಂಪ್ಯೂಟರು ತೀರ್ಮಾನ ಮಾಡುತ್ತೆ. ಮನೆತನದ ಹೆಸರು, ಆಸ್ಪತ್ರೆಯ ಜನನ ಪತ್ರ, ಮೊದಲಿಂದ ಒಂದೇ ಸ್ಪೆಲ್ಲಿಂಗು ಇರೋರನ್ನ ಬೇರೆ ಮಾಡೋದು ಅದಕ್ಕೆ ಸುಲಭ. ಜೂನ್ 1ಕ್ಕೆ ಹುಟ್ಟಿದ ಲಕ್ಷ್ಮಮ್ಮಂದಿರನ್ನ ಬೇರೆ ಬೇರೆ ಮಾಡೋದು ಅಷ್ಟು ಸುಲಭ ಅಲ್ಲ. ಒಬ್ಬಳ ಸಾಲ ಇನ್ನೊಬ್ಬಳ ತಲೆಗೆ ಬರುತ್ತೆ. ಇವಳು ಕಟ್ಟಿದ ಒಳ್ಳೇ ಲೆಕ್ಕ ಇನ್ನೆಲ್ಲೋ ಹೋಗುತ್ತೆ.

ಇಲ್ಲಿ ಕೆಲವರು ಕಾಮೆಂಟಿಗೆ ರೆಡಿ ಇರ್ತಾರೆ ಅಂತ ಗೊತ್ತು: "ತಪ್ಪು ಎಲ್ಲರಿಗೂ ಆಗುತ್ತೆ ಸಾರ್, ಇದರಲ್ಲೂ ಜಾತಿ ಯಾಕೆ ತರ್ತೀರಿ? ಸಿಬಿಲ್ ರಿಪೋರ್ಟಿನಲ್ಲಿ ಜಾತಿ ಕಾಲಮ್ಮೇ ಇಲ್ವಲ್ಲ?"

ಇಲ್ಲ, ಒಪ್ಪಿದೆ. ತಪ್ಪು ಎಲ್ಲರಿಗೂ ಆಗುತ್ತೆ, ಅದೂ ನಿಜ. ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರ್ ವರದಿಯಲ್ಲೂ ತಪ್ಪು ಬರುತ್ತೆ. ಅವನು ಏನ್ ಮಾಡ್ತಾನೆ? ಸಂಜೆ ಲ್ಯಾಪ್‌ಟಾಪ್ ತೆಗೆದು ದೂರು ಹಾಕ್ತಾನೆ. ಬ್ಯಾಂಕ್ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ ಲಗತ್ತಿಸ್ತಾನೆ. ಮೇಲ್ ಮೇಲೆ ಮೇಲ್ ಹಾಕ್ತಾನೆ, ಟ್ವಿಟ್ಟರಿನಲ್ಲಿ ಬೈತಾನೆ. ಅವನ ಚಿಕ್ಕಪ್ಪನೋ ಭಾವನೋ ಯಾವುದಾದ್ರೂ ಬ್ಯಾಂಕಿನಲ್ಲಿ ಇರ್ತಾರೆ, ಫೋನ್ ಮಾಡ್ತಾನೆ. ನಮ್ಮ ಹೆಣ್ಣುಮಗಳ ಹತ್ರ ಏನಿದೆ? ಏಜೆಂಟು ವಾರಕ್ಕೊಮ್ಮೆ ಪೆನ್ನಲ್ಲಿ ಗೀಚಿದ ಒಂದು ಕಾರ್ಡು. ಅವಳ ಮೊಬೈಲ್ ನಂಬರು ಮೂರು ಸಲ ಬದಲಾಗಿದೆ, ಓಟಿಪಿ ಹಳೇ ನಂಬರಿಗೆ ಹೋಗುತ್ತೆ. ಇಮೇಲ್ ಇಲ್ಲ. ಇಂಗ್ಲಿಷ್ ಇಲ್ಲ. ಒಂದು ದಿನ ಬ್ಯಾಂಕಿಗೆ ಅಲೆದ್ರೆ ಆ ದಿನದ ಕೂಲಿ ಇಲ್ಲ.

ತಪ್ಪಿಗೆ ಜಾತಿ ಇಲ್ಲದೇ ಇರಬಹುದು ಸ್ವಾಮಿ. ತಪ್ಪನ್ನ ತಿದ್ದಿಸೋ ಶಕ್ತಿಗೆ ಜಾತಿ ಇದೆ. ಆ ತಪ್ಪು ನಿಮಗೆ ಒಂದು ವಾರದ ಕಿರಿಕಿರಿ. ನಮಗೆ ಎರಡು ಹಸು.

ಯೋಜನೆಗಳಿಗೇನು ಕಮ್ಮಿ ಇಲ್ಲ. 2016ರಲ್ಲಿ ಸ್ಟ್ಯಾಂಡ್ ಅಪ್ ಇಂಡಿಯಾ ಬಂತು. ಪ್ರತಿ ಬ್ಯಾಂಕ್ ಶಾಖೆ ಕನಿಷ್ಠ ಒಬ್ಬ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ, ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಅಂದ್ರು. ರಾಜ್ಯದಲ್ಲಿ ನಮ್ಮ ನಿಗಮಗಳಿವೆ. ಭಾಷಣ ಇದೆ, ಫ್ಲೆಕ್ಸ್ ಇದೆ. ಆದರೆ ಬ್ಯಾಂಕ್ ಸಾಲ ಸೇರಿರೋ ಯೋಜನೆಯ ಕೊನೇ ಬಾಗಿಲಲ್ಲಿ ಈ ವರದಿ ನಿಂತಿರುತ್ತೆ. ಅದು ಸುಳ್ಳು ಹೇಳಿದ್ರೆ ಹಿಂದಿನ ಎಲ್ಲಾ ಬಾಗಿಲು ದಾಟಿ ಬಂದದ್ದು ವ್ಯರ್ಥ.

ನಮ್ಮ ತಾತನ ಕಾಲದಲ್ಲಿ ಲೆಕ್ಕದ ಪುಸ್ತಕ ಸಾಹುಕಾರನ ಮನೇಲಿ ಇರ್ತಿತ್ತು. ತಾತ ಹೆಬ್ಬೆಟ್ಟು ಒತ್ತಿದ್ರು. ಎಷ್ಟು ತಗೊಂಡ್ರೋ, ಎಷ್ಟು ತೀರಿತೋ, ಅದು ಸಾಹುಕಾರ ಬರೆದಿದ್ದೇ ಲೆಕ್ಕ. ತೋರಿಸಿ ಅಂತ ಕೇಳೋ ಹಾಗಿರಲಿಲ್ಲ, ತೋರಿಸಿದ್ರೂ ಓದೋಕೆ ಬರ್ತಿರಲಿಲ್ಲ. ಆ ಓದಲಾಗದ ಸಾಲಿಗೆ ಅಪ್ಪ ಹತ್ತು ವರ್ಷದ ಹುಡುಗನಾಗಿದ್ದಾಗ ಜೀತಕ್ಕೆ ಹೋದರು. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಅದೇ ವರ್ಷ ದೇವರಾಜ ಅರಸರ ಸರ್ಕಾರದಲ್ಲಿ ಋಣ ಪರಿಹಾರ ಕಾಯ್ದೆ ಬಂತು. ಕಾನೂನು ಬಂದ ಮೇಲೂ ಬಿಡಿಸ್ಕೊಂಡು ಬರೋಕೆ ಸಂಘಟನೆ ಬೇಕಾಯ್ತು, ಹಳ್ಳಿ ಹಳ್ಳಿ ಸುತ್ತಬೇಕಾಯ್ತು. ಕಾನೂನು ಪುಸ್ತಕದಲ್ಲಿದ್ರೆ ಸಾಲದು, ಅದನ್ನ ಹೊಲದವರೆಗೆ ಯಾರಾದ್ರೂ ಹೊತ್ಕೊಂಡು ಹೋಗಬೇಕು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು.

ಈ ವರದಿ ಜೀತ ಅಂತ ನಾನು ಹೇಳ್ತಿಲ್ಲ. ಜೀತ ಅನುಭವಿಸಿದವರಿಗೆ ಅವಮಾನ ಮಾಡೋ ಹೋಲಿಕೆ ಅದು. ನಾನು ಹೇಳ್ತಿರೋದು ಪುಸ್ತಕದ ಬಗ್ಗೆ. ನಮ್ಮ ಬಗ್ಗೆ ಬೇರೆಯವರು ಬರೆಯೋ, ನಾವು ನೋಡದ, ನಮ್ಮ ಬದುಕನ್ನ ತೀರ್ಮಾನ ಮಾಡೋ ಪುಸ್ತಕ ಈಗಲೂ ಇದೆ. ವ್ಯತ್ಯಾಸ ಒಂದೇ, ಈಗ ತೋರಿಸಿ ಅಂತ ಕೇಳೋ ಹಕ್ಕು ಇದೆ. ಕೇಳದೇ ಇದ್ರೆ ಆ ಹಕ್ಕು ಇದ್ದೂ ಇಲ್ಲ.

ಈಗ ತಿದ್ದಿಸಿದ ಕಥೆ ಕೇಳಿ.

ಮೂರೂ ತಪ್ಪಿಗೆ ಆನ್‌ಲೈನಿನಲ್ಲಿ ತಕರಾರು ಹಾಕಿದ್ವಿ. ಗಾಡಿ ಸಾಲ ಮತ್ತು ವಿಳಾಸ ಮೂರು ವಾರದಲ್ಲಿ ಹೋಯ್ತು. ಮೈಕ್ರೋಫೈನಾನ್ಸ್ ಸಾಲಕ್ಕೆ ಬಂದ ಉತ್ತರ: "ಸಾಲ ಕೊಟ್ಟ ಸಂಸ್ಥೆ ಮಾಹಿತಿ ಸರಿಯಾಗಿದೆ ಎಂದು ದೃಢಪಡಿಸಿದೆ." ಮುಗೀತು.

ವ್ಯವಸ್ಥೆ ಇರೋದೇ ಹೀಗೆ. ವರದಿ ಕಂಪನಿ ತಾನಾಗಿ ತಿದ್ದೋ ಹಾಗಿಲ್ಲ. ಸಾಲ ಕೊಟ್ಟವನನ್ನ ಕೇಳುತ್ತೆ. ಅವನು "ನಾನು ಹೇಳಿದ್ದೇ ಸರಿ" ಅಂದ್ರೆ ಹಾಗೇ ಬಿಡುತ್ತೆ. ಯಾರ ಮೇಲೆ ದೂರೋ ಅವನದ್ದೇ ಸಾಕ್ಷಿ. ಇಲ್ಲಿಗೆ ನಮ್ಮ ಜನ ಸೋತು ಬಿಟ್ಟುಬಿಡ್ತಾರೆ. ಬಿಡಬೇಡಿ. ಆಟ ಶುರುವಾಗೋದೇ ಇಲ್ಲಿಂದ.

ಅಕ್ಕ ಆ ಕಂತಿನ ಕಾರ್ಡನ್ನ ಅಕ್ಕಿ ಡಬ್ಬದ ತಳದಲ್ಲಿ ಇಟ್ಟಿದ್ದಳು. ಕೊನೇ ಕಂತಿನ ಸಹಿ, ದಿನಾಂಕ ಎಲ್ಲಾ ಇತ್ತು. ಜುಲೈ 15ಕ್ಕೆ ಅದರ ಜೆರಾಕ್ಸ್ ಇಟ್ಟು, ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಮೇಲ್ ಮಾಡಿ, ಜೊತೆಗೆ ರಿಜಿಸ್ಟರ್ ಪೋಸ್ಟೂ ಕಳಿಸಿದ್ವಿ. ಆಗಸ್ಟ್ ಕಳೀತು, ಉತ್ತರ ಇಲ್ಲ. ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಹಾಕಿದ್ವಿ. ನವೆಂಬರ್ 20ಕ್ಕೆ ಸಾಲ "ಕ್ಲೋಸ್ಡ್" ಅಂತ ತಿದ್ದುಪಡಿ ಆಯ್ತು. ಸಂಸ್ಥೆಯವರ ಪತ್ರದಲ್ಲಿ ಎರಡೇ ಸಾಲು, ಕಾರಣ "ತಾಂತ್ರಿಕ ದೋಷ". ಕ್ಷಮೆ ಅನ್ನೋ ಪದ ಇರಲಿಲ್ಲ.

ಇನ್ನೊಂದು ವಿಷಯ. ರಿಸರ್ವ್ ಬ್ಯಾಂಕಿನ ಆದೇಶ ಇದೆ, 2023ರ ಅಕ್ಟೋಬರಿನಲ್ಲಿ ಬಂದದ್ದು, 2024ರ ಏಪ್ರಿಲ್ 26ರಿಂದ ಜಾರಿ. ದೂರು ಕೊಟ್ಟ 30 ದಿನದಲ್ಲಿ ಇತ್ಯರ್ಥ ಆಗದಿದ್ರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ದೂರುದಾರರಿಗೆ ಕೊಡಬೇಕು. ಸಾಲ ಕೊಟ್ಟವರಿಂದ ತಡವಾದ್ರೆ ಅವರು, ವರದಿ ಕಂಪನಿಯಿಂದ ತಡವಾದ್ರೆ ಅವರು. ಇತ್ಯರ್ಥ ಆದ 5 ಕೆಲಸದ ದಿನದಲ್ಲಿ ಅದು ಖಾತೆಗೆ ಬೀಳಬೇಕು. ಜುಲೈ 15ರಿಂದ ನವೆಂಬರ್ 20ಕ್ಕೆ 128 ದಿನ. 30 ಕಳೆದ್ರೆ 98. ಅಕ್ಕನಿಗೆ ಬರಬೇಕಾದದ್ದು 9,800 ರೂಪಾಯಿ. ತಾವಾಗಿ ಕೊಟ್ರಾ? ಇಲ್ಲ. ಲೆಕ್ಕ ಹಾಕಿ, ಆದೇಶ ಉಲ್ಲೇಖಿಸಿ ಮತ್ತೆ ಬರೆದ ಮೇಲೆ ಜನವರಿಯಲ್ಲಿ ಬಂತು. ಕಂತು ಒಂದು ದಿನ ತಡ ಆದ್ರೆ ಮನೆ ಮುಂದೆ ಬಂದು ಕೂರೋರು, ತಾವು ಕೊಡಬೇಕಾದದ್ದನ್ನ ಮಾತ್ರ ನೆನಪು ಮಾಡಿಸಬೇಕು!

ಹಸು? ಅಷ್ಟೊತ್ತಿಗೆ ಆ ವರ್ಷದ ಪಟ್ಟಿ ಮುಗಿದಿತ್ತು. ಮತ್ತೆ ಅರ್ಜಿ ಹಾಕಿದ್ದಾಳೆ. ಹೊಂದಿಸಿದ ಕಲ್ಲು ಇನ್ನೂ ಹಿತ್ತಲಲ್ಲೇ ಇದೆ. 9,800 ರೂಪಾಯಿಗೆ ಹಸು ಬರಲ್ಲ ಅಂತ ಆದೇಶ ಬರೆದವರಿಗೂ ಗೊತ್ತಿರಬೇಕು.

ಈಗ ಎರಡು ಕಡೆಯವರಿಗೆ ಎರಡು ಮಾತು.

"ಆರ್ಥಿಕ ಸಾಕ್ಷರತೆ" ಶಿಬಿರ ಮಾಡಿ ನಮಗೆ ಉಳಿತಾಯದ ಪಾಠ ಹೇಳೋ ಮಹನೀಯರೇ, ನಮ್ಮ ಹೆಂಗಸರಿಗೆ ಲೆಕ್ಕ ಬರುತ್ತೆ. 52 ವಾರದ ಕಂತನ್ನ ಒಂದೂ ತಪ್ಪದೆ ಕಟ್ಟಿದವಳಿಗೆ ಶಿಸ್ತಿನ ಪಾಠ ಬೇಡ. ಲೆಕ್ಕ ತಪ್ಪಿದ್ದು ನಿಮ್ಮ ಕಂಪ್ಯೂಟರಿನಲ್ಲಿ. ಮೊದಲು ವರದಿ ತೆಗೆಯೋದು ಹೇಗೆ, ತಕರಾರು ಹಾಕೋದು ಹೇಗೆ ಅಂತ ಆ ಶಿಬಿರದಲ್ಲಿ ಹೇಳಿಕೊಡಿ. ಬ್ಯಾನರು, ಟೀ, ಬಿಸ್ಕತ್ತು ಆಮೇಲೆ.

ಇನ್ನು ನಮ್ಮ ಚಳವಳಿಯ ಗೆಳೆಯರಿಗೆ. ಇದೆಲ್ಲಾ ಬ್ಯಾಂಕಿನ ವ್ಯವಹಾರ, ಚಳವಳಿಗೆ ಏನು ಸಂಬಂಧ ಅಂತ ಕೆಲವರು ನನಗೇ ಹೇಳಿದ್ರು. ಬಾಬಾಸಾಹೇಬರು 1923ರಲ್ಲಿ ರೂಪಾಯಿಯ ಸಮಸ್ಯೆ ಮೇಲೆ ಇಡೀ ಪುಸ್ತಕ ಬರೆದವರು. ಅವರ ಫೋಟೋ ಇಟ್ಟು ಏಪ್ರಿಲ್ 14ಕ್ಕೆ ಹಾರ ಹಾಕೋ ನಾವು ನಮ್ಮ ತಾಯಂದಿರ ಹೆಸರಿನಲ್ಲಿರೋ 14 ಪುಟ ಓದಲ್ಲ ಅಂದ್ರೆ ಹೇಗೆ? 2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳ ತಡೆಯೋಕೆ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು. ಬಾಗಿಲಿಗೆ ಬಂದು ಬೈಯೋನು ಎಲ್ಲರಿಗೂ ಕಾಣ್ತಾನೆ, ಅದಕ್ಕೆ ಗಲಾಟೆ ಆಯ್ತು, ಕಾನೂನು ಬಂತು. ಬಾಗಿಲಿಗೆ ಬರದೆ ವರದಿಯಲ್ಲಿ ಒಂದು ಪದ ಬರೆದು ಕೂತೋನು ಯಾರಿಗೂ ಕಾಣಲ್ಲ. ಅವನನ್ನ ಕಾಣಿಸೋದು ನಮ್ಮ ಕೆಲಸ.

ಮಾಡಬೇಕಾದ್ದು ಇಷ್ಟು:

1. ನಾಲ್ಕೂ ಕಂಪನಿಗಳ ವೆಬ್‌ಸೈಟಿನಿಂದ ವರ್ಷಕ್ಕೊಂದು ಉಚಿತ ವರದಿ ತೆಗೀರಿ. ದುಡ್ಡಿನ ಪ್ಲಾನು ತೋರಿಸಿದ್ರೆ ಅದನ್ನ ಬಿಟ್ಟು ಉಚಿತ ವರದಿಯ ಲಿಂಕ್ ಹುಡುಕಿ. ಅದು ಎದ್ದು ಕಾಣೋ ಹಾಗೆ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಒಂದರಲ್ಲಿ ಇಲ್ಲದ ತಪ್ಪು ಇನ್ನೊಂದರಲ್ಲಿ ಇರಬಹುದು, ಅದಕ್ಕೆ ನಾಲ್ಕೂ ನೋಡಿ.

2. ಅಂಕ ನೋಡಿ ಸುಮ್ಮನಾಗಬೇಡಿ. ಹೆಸರು, ಹುಟ್ಟಿದ ದಿನ, ವಿಳಾಸ, ಪ್ರತಿ ಸಾಲದ ಬಾಕಿ, ಸ್ಥಿತಿ ನೋಡಿ. ನಿಮ್ಮದಲ್ಲದ ಸಾಲ ಇದ್ಯಾ? ತೀರಿಸಿದ್ದು ಬಾಕಿ ಅಂತ ಇದ್ಯಾ? ಒಂದೇ ಸಾಲ ಎರಡು ಸಲ ಬಂದಿದ್ಯಾ?

3. ತಪ್ಪಿದ್ರೆ ವರದಿ ಕಂಪನಿಗೂ, ಸಾಲ ಕೊಟ್ಟವರಿಗೂ ಎರಡೂ ಕಡೆ ಬರವಣಿಗೆಯಲ್ಲಿ ದೂರು ಕೊಡಿ. ದೂರಿನ ನಂಬರು, ದಿನಾಂಕ ಬರೆದಿಟ್ಟುಕೊಳ್ಳಿ. ಇದಕ್ಕೆ ಶುಲ್ಕ ಇಲ್ಲ.

4. 30 ದಿನದಲ್ಲಿ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಒಪ್ಪಿಗೆ ಇಲ್ಲದಿದ್ರೆ, ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್‌ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಹಾಕಿ. ಇದೂ ಪುಕ್ಕಟೆ. ವಕೀಲರು ಬೇಕಿಲ್ಲ. 2022ರ ಸೆಪ್ಟೆಂಬರಿನಿಂದ ವರದಿ ಕಂಪನಿಗಳೂ ಇದರ ವ್ಯಾಪ್ತಿಗೆ ಬಂದಿವೆ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ದಿನಕ್ಕೆ 100 ರೂಪಾಯಿ ಪರಿಹಾರ ಬಾಯಿಬಿಟ್ಟು ಕೇಳಿ.

5. ಬ್ಯಾಂಕು ಸಾಲ ಇಲ್ಲ ಅಂದ್ರೆ ಕಾರಣ ಬರವಣಿಗೆಯಲ್ಲಿ ಕೊಡಿ ಅನ್ನಿ. ಕೊಡಬೇಕು ಅಂತ ನಿಯಮ ಇದೆ. ಇಂತಿಷ್ಟು ಅಂಕ ಇರಲೇಬೇಕು ಅಂತ ರಿಸರ್ವ್ ಬ್ಯಾಂಕ್ ಎಲ್ಲೂ ಹೇಳಿಲ್ಲ. ಮೊದಲ ಸಲ ಸಾಲ ಕೇಳೋರಿಗೆ ಹಳೇ ಸಾಲದ ಚರಿತ್ರೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ತಿರಸ್ಕರಿಸಬೇಡಿ ಅಂತಲೂ 2025ರ ನಿರ್ದೇಶನದಲ್ಲಿ ಹೇಳಿದೆ.

6. ಏಜೆಂಟು "ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ" ಅಂದ್ರೆ ಎಚ್ಚರ. ವರದಿಯಲ್ಲಿ "ಸೆಟಲ್ಡ್" ಅಂತ ಬರುತ್ತೆ, ಅದು ಪೂರ್ತಿ ತೀರಿಸಿದ "ಕ್ಲೋಸ್ಡ್" ಅಲ್ಲ. ವರ್ಷಗಟ್ಟಲೆ ಅದೇ ಪದ ಕಾಡುತ್ತೆ. ಪೂರ್ತಿ ಕಟ್ಟಿದ್ರೆ ಬಾಕಿ ಇಲ್ಲ ಅನ್ನೋ ಪತ್ರ ಅವತ್ತೇ ತಗೊಳ್ಳಿ. ಕಾರ್ಡು, ರಸೀದಿ ಬಿಸಾಡಬೇಡಿ.

7. "ಸಿಬಿಲ್ ಸರಿ ಮಾಡಿಕೊಡ್ತೀವಿ" ಅಂತ ಸಾವಿರಾರು ರೂಪಾಯಿ ಕೇಳೋರಿಗೆ ಕೊಡಬೇಡಿ. ತಪ್ಪನ್ನ ನೀವೇ ಪುಕ್ಕಟೆ ತಿದ್ದಿಸಬಹುದು. ನಿಜವಾದ ಬಾಕಿಯನ್ನ ಯಾರೂ ಅಳಿಸೋಕಾಗಲ್ಲ, ಅದನ್ನ ಕಟ್ಟಲೇಬೇಕು. ಸುಳ್ಳು ತಕರಾರು ನಾವು ಹಾಕೋದು ಬೇಡ. ನಮ್ಮ ಬಲ ಇರೋದು ನಮ್ಮ ಲೆಕ್ಕ ಸರಿ ಇರೋದ್ರಲ್ಲಿ.

ಸರ್ಕಾರಕ್ಕೆ, ರಿಸರ್ವ್ ಬ್ಯಾಂಕಿಗೆ ನಮ್ಮ ಬೇಡಿಕೆ ಮೂರು. ವರದಿ ಮತ್ತು ತಕರಾರಿನ ಫಾರಂ ಕನ್ನಡದಲ್ಲಿ ಕೊಡಿ. ಪರಿಹಾರದ ದುಡ್ಡು ಕೇಳದೇನೇ ಖಾತೆಗೆ ಬೀಳೋ ಹಾಗೆ ಮಾಡಿ. ನಿಗಮದ ಫಲಾನುಭವಿಯ ವರದಿಯ ಮೇಲೆ ತಕರಾರು ನಡೀತಿದ್ರೆ, ಅದು ಇತ್ಯರ್ಥ ಆಗೋವರೆಗೆ ಅವರ ಆಯ್ಕೆ ರದ್ದು ಮಾಡಬೇಡಿ. ಈ ಮೂರನೇದು ಇದ್ದಿದ್ರೆ ನನ್ನ ಅಕ್ಕ ಇವತ್ತು ಬೆಳಿಗ್ಗೆ ಡೈರಿಗೆ ಹಾಲು ಹಾಕಿರ್ತಿದ್ದಳು.

ಈ ಭಾನುವಾರ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಕೊಂಡು ಕೂರ್ತೀವಿ. ಆಧಾರ್, ಪಾನ್ ಇದ್ರೆ ಅದು, ವೋಟರ್ ಕಾರ್ಡು, ಹಳೇ ಕಂತಿನ ಕಾರ್ಡು ತನ್ನಿ. ಓದೋಕೆ ಬರೋ ಹುಡುಗ ಹುಡುಗೀರು ನಿಮ್ಮ ನಿಮ್ಮ ಊರಲ್ಲೂ ಹೀಗೆ ಕೂತ್ಕೊಳ್ಳಿ. ಒಬ್ಬರು ಹತ್ತು ವರದಿ ಓದಿಕೊಟ್ರೆ ಸಾಕು.

ಅಕ್ಕನ ತಿದ್ದಿದ ವರದಿಯನ್ನ ಪ್ರಿಂಟ್ ತೆಗೆಸಿ ಕೊಟ್ಟೆ. ಅವಳು ಆ ಹಾಳೆ ಹಿಡ್ಕೊಂಡು ಅದೇ ಬ್ಯಾಂಕಿಗೆ ಹೋಗಿ ಅದೇ ಮ್ಯಾನೇಜರ ಟೇಬಲ್ ಮೇಲೆ ಇಟ್ಟು, "ನೋಡಿ ಸಾರ್, ನಾನು ಯಾರ ದುಡ್ಡೂ ತಿಂದಿಲ್ಲ" ಅಂದು ಬಂದಳು. ಅವತ್ತು ಸಾಲ ಕೇಳೋಕೆ ಹೋಗಿರಲಿಲ್ಲ. ಅದೊಂದು ಮಾತು ಹೇಳೋಕೆ ಹೋಗಿದ್ದಳು.

ಓದಿ, ಹಂಚಿ, ಓದೋಕೆ ಬರದವರಿಗೆ ಓದಿ ಹೇಳಿ.

ಜೈ ಭೀಮ್.